ಕಾಗಿಣಾ ತೀರದ ಕಣ್ಣುಬೇನೆ: ಮನೆಮದ್ದು ಮತ್ತು ಆರೈಕೆಯ ಚರಿತ್ರೆ

ಕಲಬುರಗಿ ಜಿಲ್ಲೆಯ ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ ಮತ್ತು ಶಹಾಬಾದಗಳನ್ನು ಒಳಗೊಂಡ ಭೂಭಾಗವು ಮುಲ್ಲಾಮಾರಿ ಮತ್ತು ಕಾಗಿಣಾ ನದಿಗಳ ಸುತ್ತ ಹಬ್ಬಿರುವ ಸುಣ್ಣಕಲ್ಲಿನ ನಾಡಾಗಿದ್ದು, ಬೇಸಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು, ಕಲ್ಲುಗಣಿ ಹಾಗೂ ಸುಣ್ಣದ ಭಟ್ಟಿಗಳ ಧೂಳು, ಮುಂಗಾರಿನ ಆರಂಭದಲ್ಲಿ ಏಳುವ ನೊಣಗಳ ಕಾಟ ಇವೆಲ್ಲ ಸೇರಿ ಇಲ್ಲಿನ ಜನರ ಕಣ್ಣಿಗೆ ಬಹುಕಾಲದಿಂದ ತೊಂದರೆ ಕೊಟ್ಟಿವೆ. ಕಣ್ಣು ಕೆಂಪೇರಿ, ಉರಿದು, ನೀರು ಸುರಿದು, ಬೆಳಗಾಗುವಷ್ಟರಲ್ಲಿ ರೆಪ್ಪೆಗಳು ಗೀಜಿನಿಂದ, ಅಂದರೆ ಕಣ್ಣಿನಿಂದ ಒಸರುವ ಅಂಟು ಹೊಲಸಿನಿಂದ, ಒಂದಕ್ಕೊಂದು ಮೆತ್ತಿಕೊಳ್ಳುವ ರೋಗವನ್ನು ಈ ಭಾಗದಲ್ಲಿ ಕಣ್ಣುಬೇನೆ ಎಂದೂ, ಕಣ್ಣು ಬರುವುದು ಎಂದೂ ಕರೆಯುತ್ತಾರೆ. ರಾಜ್ಯದ ಉಳಿದೆಡೆ ಅದಕ್ಕೆ ಮದ್ರಾಸ್ ಐ ಎಂಬ ಹೆಸರು ರೂಢಿಯಲ್ಲಿದೆ. ರೆಪ್ಪೆಯ ಒಳಮೈಯನ್ನೂ ಕಣ್ಣಿನ ಬಿಳಿಭಾಗವನ್ನೂ ಹೊದಿಸಿರುವ ತೆಳುಪೊರೆಯ ಉರಿಯೂತವೇ ಈ ರೋಗವೆಂದು ಆಧುನಿಕ ವೈದ್ಯವು ಹೇಳುತ್ತದೆ. ಅದಕ್ಕೆ ವೈರಾಣು, ಬ್ಯಾಕ್ಟೀರಿಯಾ, ಒಗ್ಗದಿಕೆ, ಧೂಳು ಅಥವಾ ರಾಸಾಯನಿಕಗಳು ಕಾರಣವಾಗಬಹುದಾದರೂ ಊರಿಗೆ ಊರೇ ಹಾಸಿಗೆ ಹಿಡಿಯುವಂತೆ ಹಬ್ಬುವ ಬೇನೆಗೆ ಹೆಚ್ಚಾಗಿ ವೈರಾಣುಗಳೇ ಮೂಲ. ಇಂಥ ಬೇನೆಯನ್ನು ಈ ನಾಡಿನ ಮನೆಗಳು ಯಾವ ಮದ್ದಿನಿಂದ, ಯಾವ ಆರೈಕೆಯಿಂದ ಎದುರಿಸಿದವು ಮತ್ತು ಅವುಗಳಲ್ಲಿ ನಿಜವಾಗಿ ಕೆಲಸ ಮಾಡಿದ್ದು ಯಾವುದು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಶಾಸ್ತ್ರದ ತಿಳಿವಳಿಕೆ

ಭಾರತೀಯ ವೈದ್ಯದಲ್ಲಿ ಕಣ್ಣಿನ ರೋಗಗಳ ವಿಸ್ತಾರವಾದ ವಿವರಣೆ ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ದೊರೆಯುತ್ತದೆ. ಅಲ್ಲಿ ಎಣಿಸಿರುವ 76 ನೇತ್ರರೋಗಗಳಲ್ಲಿ ಅಭಿಷ್ಯಂದ ಎಂಬುದು, ಅಂದರೆ ಕಣ್ಣಿನಿಂದ ಎಡೆಬಿಡದೆ ಸ್ರಾವವಾಗುವ ಸ್ಥಿತಿಯು, ಇಂದಿನ ಕಣ್ಣುಬೇನೆಗೆ ಬಹಳ ಹತ್ತಿರದ್ದಾಗಿದ್ದು, ವಾತ, ಪಿತ್ತ, ಕಫ ಮತ್ತು ರಕ್ತದ ದೋಷಗಳಿಗೆ ಅನುಸಾರವಾಗಿ ಅದನ್ನು ನಾಲ್ಕು ಬಗೆಯಾಗಿ ವಿಂಗಡಿಸಲಾಗಿದೆ. ಕಣ್ಣಿನ ಬಹುತೇಕ ರೋಗಗಳಿಗೆ ಅಭಿಷ್ಯಂದವೇ ಬೇರು ಎಂದೂ, ಅದನ್ನು ಅಲಕ್ಷಿಸಿದರೆ ಅಧಿಮಂಥವೆಂಬ ತೀವ್ರ ನೋವಿನ ರೋಗವಾಗಿ ಬೆಳೆದು ಕೆಲವೇ ದಿನಗಳಲ್ಲಿ ದೃಷ್ಟಿಯನ್ನು ಕಳೆಯಬಲ್ಲದು ಎಂದೂ ಆ ಗ್ರಂಥವು ಎಚ್ಚರಿಸುತ್ತದೆ. ಇದಕ್ಕಿಂತ ಮಹತ್ವದ ಮಾತು ಅದೇ ಸಂಹಿತೆಯ ನಿದಾನಸ್ಥಾನದಲ್ಲಿದೆ: ಮೈ ಮುಟ್ಟುವುದರಿಂದ, ಉಸಿರಿನಿಂದ, ಜೊತೆಗೆ ಉಣ್ಣುವುದರಿಂದ, ಒಂದೇ ಹಾಸಿಗೆಯಲ್ಲಿ ಮಲಗುವುದರಿಂದ, ಒಬ್ಬರ ಬಟ್ಟೆ, ಹೂಮಾಲೆ, ಲೇಪನಗಳನ್ನು ಮತ್ತೊಬ್ಬರು ಬಳಸುವುದರಿಂದ ಮನುಷ್ಯನಿಂದ ಮನುಷ್ಯನಿಗೆ ದಾಟುವ ರೋಗಗಳ ಸಾಲಿನಲ್ಲಿ ಕುಷ್ಠ, ಜ್ವರ ಮತ್ತು ಕ್ಷಯದ ಜೊತೆಗೆ ನೇತ್ರಾಭಿಷ್ಯಂದವನ್ನೂ ಹೆಸರಿಸಲಾಗಿದೆ. ರೋಗಾಣುವಿನ ಕಲ್ಪನೆಯೇ ಇಲ್ಲದ ಕಾಲದಲ್ಲಿ ಕಣ್ಣುಬೇನೆಯು ಬಟ್ಟೆ ಮತ್ತು ಹಾಸಿಗೆಯ ಮೂಲಕ ಹರಡುತ್ತದೆ ಎಂಬ ಅರಿವು ವೈದ್ಯರಿಗೆ ಇತ್ತೆಂಬುದನ್ನು ಇದು ಸ್ಪಷ್ಟಪಡಿಸುತ್ತದೆ.

ಚಿಕಿತ್ಸಾಕ್ರಮದಲ್ಲಿಯೂ ಶಾಸ್ತ್ರಕಾರರು ಅವಸರಪಡಲಿಲ್ಲ. ಕಷಾಯದ ಧಾರೆ ಸುರಿಯುವ ಸೇಕ, ಹನಿ ಹಾಕುವ ಆಶ್ಚ್ಯೋತನ, ಮುಚ್ಚಿದ ರೆಪ್ಪೆಯ ಮೇಲೆ ಲೇಪ ಕಟ್ಟುವ ಬಿಡಾಲಕ, ಕಡ್ಡಿಯಿಂದ ಹಚ್ಚುವ ಅಂಜನ ಎಂಬ ಕ್ರಿಯೆಗಳನ್ನು ಬೇರೆ ಬೇರೆಯಾಗಿ ವಿವರಿಸಿದ ವೈದ್ಯಗ್ರಂಥಗಳು, ಬೇನೆಯು ಹಸಿಯಾಗಿರುವ ಮೊದಲ ದಿನಗಳಲ್ಲಿ ಅಂಜನವನ್ನು ಹಚ್ಚಬಾರದೆಂದು ವಿಧಿಸಿದವು. ಕಣ್ಣು, ಹೊಟ್ಟೆ, ನೆಗಡಿ, ಗಾಯ ಮತ್ತು ಜ್ವರದ ತೊಂದರೆಗಳು ಮಿತಾಹಾರ ಅಥವಾ ಉಪವಾಸದಿಂದ ಐದು ರಾತ್ರಿಗಳಲ್ಲಿ ಇಳಿಯುತ್ತವೆ ಎಂಬ ಸೂತ್ರವನ್ನು ಮಧ್ಯಕಾಲದ ವೈದ್ಯಸಂಗ್ರಹಗಳು ಮತ್ತೆ ಮತ್ತೆ ಹೇಳುತ್ತವೆ. ತಾನಾಗಿಯೇ ಇಳಿಯುವ ರೋಗವನ್ನು ಕೆಲವು ದಿನ ಕೆಣಕದೆ ಬಿಡಬೇಕೆಂಬ ಅನುಭವವು ಈ ಸೂತ್ರದ ಹಿಂದೆ ಇದ್ದಂತೆ ತೋರುತ್ತದೆ.

ಈ ಶಾಸ್ತ್ರಪರಂಪರೆಗೂ ಕಾಗಿಣಾ ತೀರಕ್ಕೂ ನೇರವಾದ ನಂಟಿದೆ. ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದ 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಸಮಕಾಲೀನನಾದ ಜೈನ ಆಚಾರ್ಯ ಉಗ್ರಾದಿತ್ಯನು ಕಲ್ಯಾಣಕಾರಕ ಎಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿದನು. ಮಾಂಸಾಹಾರವು ಔಷಧವಾಗಿಯೂ ಸಲ್ಲದೆಂಬ ವಾದವನ್ನು ಅವನು ಆ ಅರಸನ ಸಭೆಯಲ್ಲಿ ಮಂಡಿಸಿದನೆಂದು ಗ್ರಂಥದ ಕೊನೆಯ ಭಾಗವು ತಿಳಿಸುತ್ತದೆ. ಮದ್ಯ, ಮಾಂಸ ಮತ್ತು ಜೇನನ್ನು ಬಿಟ್ಟು ಸಸ್ಯ ಹಾಗೂ ಖನಿಜಗಳಿಂದಲೇ ಮದ್ದು ಕೂಡಿಸುವ ಜೈನ ವೈದ್ಯರ ಈ ಪದ್ಧತಿಯು ಕಣ್ಣಿನ ರೋಗಗಳಿಗೂ ಅನ್ವಯಿಸಿತು. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದನು ರಚಿಸಿದ, ಕಲ್ಯಾಣಕಾರಕವೆಂಬ ಅದೇ ಹೆಸರಿನ ಬೇರೊಂದು ಗ್ರಂಥವನ್ನು ಕನ್ನಡಕ್ಕೆ ತಂದುದರಿಂದ ವೈದ್ಯದ ತಿಳಿವಳಿಕೆಯು ಸಂಸ್ಕೃತ ಬಲ್ಲವರ ಆಚೆಗೂ ಹರಡುವ ದಾರಿ ತೆರೆಯಿತು. ಅದೇ ಶತಮಾನದಲ್ಲಿ ಈ ನಾಡಿಗೆ ದೂರವಲ್ಲದ ಕಲ್ಯಾಣದ ಶರಣರ ನಡುವೆ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದುದು, ವೈದ್ಯವೃತ್ತಿಯು ಜನಸಾಮಾನ್ಯರ ಕಾಯಕಗಳಲ್ಲಿ ಒಂದಾಗಿತ್ತೆಂಬುದಕ್ಕೆ ನಿದರ್ಶನವಾಗಿದೆ.

ಮನೆಯೊಳಗಿನ ಮದ್ದು

ಗ್ರಂಥಗಳಲ್ಲಿ ವೈದ್ಯನು ಮುಖ್ಯನಾದರೂ ಹಳ್ಳಿಯ ಮನೆಗಳಲ್ಲಿ ಕಣ್ಣುಬೇನೆಯ ಆರೈಕೆಯು ಬಹುಮಟ್ಟಿಗೆ ಹೆಂಗಸರ ಕೈಯಲ್ಲಿತ್ತು. ಅಜ್ಜಿ, ತಾಯಿ, ಸೂಲಗಿತ್ತಿಯರು ಬಳಸಿದ ವಸ್ತುಗಳೆಲ್ಲವೂ ಅಡುಗೆಮನೆ, ಹಿತ್ತಿಲು, ಹೊಲದ ಬದು ಮತ್ತು ಸಂತೆಯಲ್ಲಿ ಸಿಗುವಂಥವೇ ಆಗಿದ್ದವು. ಹವೀಜ, ಅಂದರೆ ಕೊತ್ತಂಬರಿ ಬೀಜವನ್ನು ಕುದಿಸಿ ಆರಿಸಿ ಸೋಸಿದ ನೀರಿನಿಂದ ಕಣ್ಣು ತೊಳೆಯುವುದು, ಬೇವಿನ ಎಲೆ ಹಾಕಿ ಕಾಯಿಸಿದ ನೀರಿನಲ್ಲಿ ಬಟ್ಟೆ ಅದ್ದಿ ಗೀಜನ್ನು ನೆನೆಸಿ ತೆಗೆಯುವುದು, ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಹಳೆಯ ಹತ್ತಿಬಟ್ಟೆಯಿಂದಲೇ ಕಣ್ಣು ಒರೆಸಿಕೊಳ್ಳುವಂತೆ ಮಾಡುವುದು, ನಂದಿಬಟ್ಟಲ ಹೂವನ್ನು ತಣ್ಣೀರಿನಲ್ಲಿ ನೆನೆಸಿ ಮುಚ್ಚಿದ ರೆಪ್ಪೆಯ ಮೇಲೆ ಇಡುವುದು, ರಾತ್ರಿ ಮಲಗುವಾಗ ರೆಪ್ಪೆಯಂಚಿಗೆ ಔಡಲೆಣ್ಣೆ ಸವರುವುದು ಇವು ಉತ್ತರ ಕರ್ನಾಟಕದ ಮನೆಗಳಲ್ಲಿ ನಡೆದುಬಂದ ಸಾಮಾನ್ಯ ಕ್ರಮಗಳು. ನುಗ್ಗೆಸೊಪ್ಪಿನ ರಸ, ಪಟಿಕದ ನೀರು, ಕೂಸಿನ ತಾಯಿಯ ಎದೆಹಾಲು ಇವುಗಳನ್ನು ಕಣ್ಣಿಗೆ ಹನಿ ಹಾಕುವ ರೂಢಿಯೂ ಇತ್ತು. ಎದೆಹಾಲಿನ ಬಳಕೆಗೆ ಆಯುರ್ವೇದದ ಗ್ರಂಥಗಳಲ್ಲಿಯೂ ಆಧಾರವಿದೆ. ಎಲೆಯುದುರುವ ಒಣ ಕಾಡನ್ನು ಉಳಿಸಿಕೊಂಡಿರುವ ಚಿಂಚೋಳಿಯ ಗುಡ್ಡಗಳ ಆಸುಪಾಸಿನಲ್ಲಿ, ತಾಂಡಾಗಳ ಲಂಬಾಣಿಗರನ್ನೂ ಒಳಗೊಂಡು, ಬೇರು ತೊಗಟೆಗಳನ್ನು ಗುರುತಿಸಬಲ್ಲವರು ಇದ್ದುದರಿಂದ ಬಯಲುಸೀಮೆಯ ಮದ್ದುಗಳಿಗೆ ಕಾಡಿನ ಸರಕೂ ಕೂಡಿಕೊಂಡಿತು.

ಈ ವಸ್ತುಗಳ ಗುಣವನ್ನು ಇಂದಿನ ತಿಳಿವಳಿಕೆಯ ಬೆಳಕಿನಲ್ಲಿ ನೋಡಿದರೆ ಅವು ಮೂರು ಗುಂಪುಗಳಾಗಿ ಬೇರ್ಪಡುತ್ತವೆ. ತಣ್ಣೀರ ಪಟ್ಟಿ, ಹೂವು, ಕಾಯಿಸಿ ಆರಿಸಿದ ನೀರು ಇವು ಮೊದಲ ಗುಂಪಿನವು; ಇವು ರೋಗಾಣುವನ್ನು ಕೊಲ್ಲದಿದ್ದರೂ ಉರಿಯನ್ನು ತಣಿಸಿ, ಗೀಜನ್ನು ತೆಗೆದು, ರೋಗಿಗೆ ನಿಜವಾದ ನೆಮ್ಮದಿ ಕೊಡುತ್ತವೆ. ಎರಡನೆಯ ಗುಂಪಿನಲ್ಲಿ ಪಟಿಕ, ಅರಿಶಿನ, ಮರದರಿಶಿನದಿಂದ ತಯಾರಿಸುವ ರಸಾಂಜನ ಮತ್ತು ಎದೆಹಾಲುಗಳಿವೆ. ಪಟಿಕವು ರಕ್ತನಾಳಗಳನ್ನು ಬಿಗಿಗೊಳಿಸಿ ಕೆಂಪನ್ನು ತಗ್ಗಿಸುತ್ತದೆ, ರಸಾಂಜನದಲ್ಲಿರುವ ಬರ್ಬೆರಿನ್ ಎಂಬ ಸತ್ವಕ್ಕೆ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುವ ಶಕ್ತಿಯಿದೆ, ಎದೆಹಾಲಿನಲ್ಲಿ ರೋಗನಿರೋಧಕ ಕಣಗಳಿವೆ. ಆದರೆ ಅಳತೆಯಿಲ್ಲದ, ಸೋಸದ, ತೊಳೆಯದ ಬೆರಳಿನಿಂದ ಹಾಕಿದ ಹನಿಯು ಗುಣದ ಜೊತೆಗೆ ಹೊಸ ಸೋಂಕನ್ನೂ ಕಣ್ಣಿಗೆ ಸೇರಿಸಬಹುದಾದ್ದರಿಂದ ಇವುಗಳನ್ನು ನಿರುಪದ್ರವಿಗಳೆನ್ನಲಾಗದು. ಮೂರನೆಯ ಗುಂಪು ನೇರವಾಗಿ ಅಪಾಯಕಾರಿಯಾದುದು. ಬೀಳುಭೂಮಿಯಲ್ಲಿ ಹೇರಳವಾಗಿ ಬೆಳೆಯುವ ಎಕ್ಕದ ಗಿಡದ ಹಾಲು ಇದಕ್ಕೆ ಸೇರುತ್ತದೆ; ಅದು ಕಣ್ಣಿಗೆ ಬಿದ್ದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲವು ಊದಿ ಮಂಜಾಗುತ್ತದೆಂಬುದನ್ನು ಭಾರತದ ನೇತ್ರವೈದ್ಯರು ಅನೇಕ ರೋಗಿಗಳಲ್ಲಿ ಕಂಡು ದಾಖಲಿಸಿದ್ದಾರೆ.

ಮದ್ದಿನಷ್ಟೇ ಗಟ್ಟಿಯಾಗಿ ಬೇರೂರಿದ್ದ ಇನ್ನೊಂದು ಅಂಶವೆಂದರೆ ಪಥ್ಯ ಮತ್ತು ಅಂತರದ ನಿಯಮ. ಬೇನೆ ಬಂದವರು ಖಾರ ಮತ್ತು ಕರಿದದ್ದನ್ನು ಬಿಡಬೇಕು, ಒಲೆಯ ಹೊಗೆಯ ಮುಂದೆ ಕೂಡಬಾರದು, ಬಿಸಿಲಿಗೆ ಹೋಗಬಾರದು, ಮಬ್ಬುಗತ್ತಲ ಕೋಣೆಯಲ್ಲಿ ಮಲಗಬೇಕು, ಅವರ ಹೊದಿಕೆ ಮತ್ತು ಒರೆಸುವ ಬಟ್ಟೆಯನ್ನು ಬೇರೆಯವರು ಮುಟ್ಟಬಾರದು ಎಂಬ ಕಟ್ಟಳೆಗಳು ಮನೆಮನೆಯಲ್ಲಿ ಇದ್ದವು. ಬೇನೆಯ ಕಣ್ಣನ್ನು ದಿಟ್ಟಿಸಿ ನೋಡಿದರೆ ನೋಡಿದವರಿಗೂ ಬೇನೆ ಅಂಟುತ್ತದೆ ಎಂಬ ನಂಬಿಕೆ ಇಂದಿಗೂ ಬಲವಾಗಿದೆ. ನೋಟದಿಂದ ರೋಗ ದಾಟುವುದಿಲ್ಲವಾದರೂ, ಕಣ್ಣಿನ ನೀರು ತಾಗಿದ ಕೈ ಮತ್ತು ಬಟ್ಟೆಗಳಿಂದ ಅದು ದಾಟುವುದರಿಂದ, ತಪ್ಪು ಕಾರಣದ ಮೇಲೆ ನಿಂತ ಈ ನಂಬಿಕೆಯು ಮಕ್ಕಳನ್ನು ರೋಗಿಯಿಂದ ದೂರವಿರಿಸುವ ಸರಿಯಾದ ಫಲವನ್ನೇ ಕೊಟ್ಟಿತು. ಗ್ರಾಮದೇವತೆಗೆ ಬೆಳ್ಳಿಯ ಕಣ್ಣುಗಳನ್ನು ಒಪ್ಪಿಸುವ ಹರಕೆಯೂ ಈ ಆರೈಕೆಯ ಭಾಗವಾಗಿತ್ತು; ಕಣ್ಣಿಗೆ ಏನನ್ನೂ ಹಾಕದೆ ದಿನಗಳನ್ನು ದಾಟಿಸುವ ಧೈರ್ಯವನ್ನು ಅದು ಮನೆಯವರಿಗೆ ತುಂಬುತ್ತಿತ್ತೆಂಬುದನ್ನು ಗಮನಿಸಬೇಕು.

ಹಕೀಮರ ಸುರ್ಮಾ, ಸರ್ಕಾರದ ದವಾಖಾನೆ

ಈ ಭಾಗವು ಬಹಮನಿ ಸುಲ್ತಾನರಿಂದ ಆರಂಭಿಸಿ ಹೈದರಾಬಾದಿನ ನಿಜಾಮರವರೆಗೆ ಮುಸ್ಲಿಂ ಅರಸರ ಆಳ್ವಿಕೆಯಲ್ಲಿ ಇದ್ದುದರಿಂದ, ಗ್ರೀಕ್ ಮೂಲದಿಂದ ಅರಬ್ಬರ ಮೂಲಕ ಬಂದ ಯುನಾನಿ ವೈದ್ಯವು ಇಲ್ಲಿ ಆಯುರ್ವೇದದ ಜೊತೆಜೊತೆಗೇ ಬೆಳೆಯಿತು. ಯುನಾನಿಯಲ್ಲಿ ಕಣ್ಣುಬೇನೆಗೆ ರಮದ್ ಎಂದೂ ಆಶೋಬೆ ಚಷ್ಮ್ ಎಂದೂ ಹೆಸರು. ದೇಹದ ನಾಲ್ಕು ರಸಗಳ ಏರುಪೇರಿನಿಂದ ಕಣ್ಣಿನಲ್ಲಿ ಬಿಸಿ ಹೆಚ್ಚುತ್ತದೆಂದು ಭಾವಿಸಿದ ಹಕೀಮರು ಗುಲಾಬಿ ನೀರು, ಕೊತ್ತಂಬರಿ ಮತ್ತು ರಸೌತ್‌ನಂಥ ತಂಪು ಮದ್ದುಗಳನ್ನು ಹೇಳುತ್ತಿದ್ದರು; ರಸೌತ್ ಎಂಬುದು ವೈದ್ಯರ ರಸಾಂಜನವೇ. ಹೀಗೆ ಸಿದ್ಧಾಂತಗಳು ಬೇರೆಯಾದರೂ ಪಂಡಿತರ ಮತ್ತು ಹಕೀಮರ ಸಂಚಿಯೊಳಗಿನ ಸರಕು ಒಂದೇ ಸಂತೆಯಿಂದ ಬರುತ್ತಿದ್ದುದರಿಂದ, ಯಾವ ಮದ್ದು ಯಾವ ಪದ್ಧತಿಯದೆಂದು ಕೇಳುವ ಗೋಜಿಗೆ ಮನೆಯ ಹೆಂಗಸರು ಹೋಗಲಿಲ್ಲ. ಔಡಲೆಣ್ಣೆಯ ದೀಪದ ಮಸಿಯಿಂದ ಮಾಡಿದ ಕಾಡಿಗೆ ಮತ್ತು ಖನಿಜವನ್ನು ಅರೆದು ಮಾಡಿದ ಸುರ್ಮಾ ಎರಡೂ ಕಣ್ಣಿಗೆ ತಂಪೆಂಬ ನಂಬಿಕೆಯಿಂದ ಬಳಕೆಯಲ್ಲಿದ್ದವು. ಸುರ್ಮಾ ಮೂಲತಃ ಆಂಟಿಮೊನಿಯ ಅದಿರೆಂದು ಹೇಳಲಾದರೂ ಮಾರುಕಟ್ಟೆಯಲ್ಲಿ ಸಿಗುವುದು ಬಹುಪಾಲು ಸೀಸದ ಅದಿರಾಗಿರುವುದರಿಂದ, ಅದನ್ನು ಎಳೆಯ ಮಕ್ಕಳ ಕಣ್ಣಿಗೆ ಹಚ್ಚಿದರೆ ಸೀಸದ ವಿಷವು ಮೈಗೇರುವ ಸಂಭವವಿದೆ. ಮೀರ್ ಉಸ್ಮಾನ್ ಅಲಿ ಖಾನನ ಆಳ್ವಿಕೆಯಲ್ಲಿ ಹೈದರಾಬಾದಿನ ಚಾರ್‌ಮಿನಾರ್ ಬಳಿ ಎದ್ದುನಿಂತ ನಿಜಾಮಿಯಾ ಯುನಾನಿ ಆಸ್ಪತ್ರೆಯು ಈ ವೈದ್ಯಕ್ಕೆ ದೊರೆತ ರಾಜಾಶ್ರಯದ ಕುರುಹಾಗಿದೆ.

ಪಾಶ್ಚಾತ್ಯ ವೈದ್ಯವು ತಂದ ಮದ್ದುಗಳಲ್ಲಿ ಬೋರಿಕ್ ಆಮ್ಲದ ಪುಡಿಯನ್ನು ನೀರಿನಲ್ಲಿ ಕರಗಿಸಿದ ಬೋರಿಕ್ ಲೋಷನ್, ಸತುವಿನ ಸಲ್ಫೇಟ್ ಮತ್ತು ಬೆಳ್ಳಿಯ ನೈಟ್ರೇಟ್ ಹನಿಗಳು ಮುಖ್ಯವಾದವು. ಹೆರಿಗೆಯ ಸಮಯದಲ್ಲಿ ತಾಯಿಯಿಂದ ಕೂಸಿನ ಕಣ್ಣಿಗೆ ತಗಲುವ ಸೋಂಕು ಕುರುಡುತನಕ್ಕೆ ಕಾರಣವಾಗುತ್ತಿದ್ದುದನ್ನು ಕಂಡ ಜರ್ಮನಿಯ ವೈದ್ಯ ಕ್ರೆಡೆಯು 1880ರ ಸುಮಾರಿಗೆ ಬೆಳ್ಳಿಯ ನೈಟ್ರೇಟ್ ಹನಿಯನ್ನು ರೂಢಿಗೆ ತಂದನು. ಹಬ್ಬುವ ಕಣ್ಣುಬೇನೆಗೆ ಕಾರಣವಾಗುವ ಒಂದು ಬ್ಯಾಕ್ಟೀರಿಯಾವನ್ನು ರಾಬರ್ಟ್ ಕೋಖ್ 1883ರಲ್ಲಿ ಈಜಿಪ್ಟಿನಲ್ಲಿ ಕಾಲರಾ ಅಧ್ಯಯನಕ್ಕೆ ಹೋದಾಗ ಗುರುತಿಸಿದನು. ಬೋರಿಕ್ ಪುಡಿಯ ಪೊಟ್ಟಣವು ಕಾಲಕ್ರಮದಲ್ಲಿ ಕಿರಾಣಿ ಅಂಗಡಿಗೂ ಬಂದು, ಹವೀಜದ ನೀರಿನ ಪಕ್ಕದಲ್ಲಿ ಮನೆಮದ್ದಾಗಿಯೇ ನೆಲೆಗೊಂಡಿತು.

ಕಲ್ಲು, ಸುಣ್ಣ ಮತ್ತು ರೈಲು

ಕಣ್ಣುಬೇನೆಯ ಚರಿತ್ರೆಯಲ್ಲಿ ಈ ಭಾಗವನ್ನು ಬೇರೆ ಸೀಮೆಗಳಿಂದ ಪ್ರತ್ಯೇಕಿಸುವುದು ಅದರ ಕಸುಬು. ಪದರುಪದರಾಗಿ ಏಳುವ ಸುಣ್ಣಕಲ್ಲನ್ನು ಸೀಳಿ ಫರಸಿಯಾಗಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿಯಾಗಿ ಮಾರುವ ವ್ಯಾಪಾರಕ್ಕೆ ರೈಲು ದೊಡ್ಡ ಬಲ ತಂದಿತು. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗವು ಈ ಪ್ರದೇಶವನ್ನು ಹಾದು 1871ರಲ್ಲಿ ರಾಯಚೂರನ್ನು ತಲುಪಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿತು. 1920ರ ದಶಕದಲ್ಲಿ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ನೆಲೆಗೊಂಡು, 1936ರಲ್ಲಿ ಎಸಿಸಿ ಸಂಸ್ಥೆಯಲ್ಲಿ ವಿಲೀನವಾಯಿತು. ವಾಡಿಯ ಕಾರ್ಖಾನೆ 1968ರಲ್ಲಿ ಆರಂಭವಾಯಿತು. ಇದರಿಂದ ಎರಡು ಬದಲಾವಣೆಗಳಾದವು. ಒಂದೆಡೆ, ಕಲ್ಲಿನ ಚಕ್ಕೆ, ಸುಣ್ಣದ ಪುಡಿ ಮತ್ತು ಸಿಮೆಂಟ್ ಧೂಳಿನಿಂದ ಕೆಂಪೇರುವ ಕಣ್ಣುಗಳು ದಿನನಿತ್ಯದ ಸಂಗತಿಯಾಗಿ, ಅಂಟುವ ಬೇನೆಗೂ ಅಂಟದ ಬೇನೆಗೂ ಇರುವ ಭೇದ ಮಸುಕಾಯಿತು. ಇನ್ನೊಂದೆಡೆ, ದೂರದ ಊರುಗಳಲ್ಲಿ ಹುಟ್ಟಿದ ಹಾವಳಿಯು ರೈಲುಡಬ್ಬಿಯಲ್ಲಿ ಕುಳಿತು ಒಂದೆರಡು ದಿನಗಳಲ್ಲಿ ಜಂಕ್ಷನ್‌ಗಳಿಗೆ ಬಂದಿಳಿಯುವ ಸ್ಥಿತಿ ಉಂಟಾಯಿತು.

ಸುಣ್ಣದ ಗಾಯವು ಕಣ್ಣುಬೇನೆಗಿಂತ ಎಷ್ಟೋ ಪಟ್ಟು ಕ್ರೂರವಾದುದು. ಹಸಿ ಸುಣ್ಣವು ಪ್ರಬಲ ಕ್ಷಾರವಾದ್ದರಿಂದ ಕಣ್ಣಿನ ಪಟಲವನ್ನು ಸುಟ್ಟು ಒಳಗೆ ಇಳಿಯುತ್ತದೆ. ಅದಕ್ಕೆ ತುಪ್ಪ ಅಥವಾ ಎಣ್ಣೆ ಹಾಕಿ ಕಾಯುವ ಹಳೆಯ ವಾಡಿಕೆಯಿಂದ ಅಮೂಲ್ಯವಾದ ಹೊತ್ತು ಕಳೆದುಹೋಗುತ್ತದೆ. ತಕ್ಷಣವೇ ಧಾರಾಳವಾದ ಶುದ್ಧ ನೀರಿನಿಂದ ಅರ್ಧ ಗಂಟೆಯಷ್ಟು ಹೊತ್ತು ತೊಳೆಯುತ್ತ, ರೆಪ್ಪೆಯ ಸಂದಿಯಲ್ಲಿರುವ ಸುಣ್ಣದ ಕಣಗಳನ್ನು ಹೊರಹಾಕಿ ಆಸ್ಪತ್ರೆಗೆ ಒಯ್ಯುವುದೊಂದೇ ಇದಕ್ಕೆ ದಾರಿ. 1948ರ ಕಾರ್ಖಾನೆ ಕಾಯ್ದೆಯ 35ನೆಯ ಕಲಮು ಚಕ್ಕೆ ಸಿಡಿಯುವ ಕೆಲಸಗಳಲ್ಲಿ ಕಣ್ಣಿನ ರಕ್ಷಣೆಗೆ ಕನ್ನಡಕ ಅಥವಾ ಮರೆಯನ್ನು ಒದಗಿಸಬೇಕೆಂದು ವಿಧಿಸಿತು. ಆದರೆ ಕಾರ್ಖಾನೆಯ ಗೋಡೆಯ ಹೊರಗೆ, ಸಣ್ಣ ಗಣಿ ಮತ್ತು ಪಾಲಿಶ್ ಯಂತ್ರಗಳ ಮುಂದೆ ದಿನಗೂಲಿಗೆ ದುಡಿಯುವವರಿಗೆ ತಲೆಗೆ ಸುತ್ತಿದ ವಸ್ತ್ರವೇ ಮುಖ ಒರೆಸುವುದಕ್ಕೂ ಕಣ್ಣು ಉಜ್ಜುವುದಕ್ಕೂ ಒದಗುತ್ತ ಬಂದಿದೆ, ಮತ್ತು ಅದೇ ವಸ್ತ್ರವು ಬೇನೆಯನ್ನು ಮನೆಗೆ ಒಯ್ಯುವ ವಾಹನವೂ ಆಗಿದೆ.

ಹಾವಳಿಗಳು ಮತ್ತು ಔಷಧದ ಅಂಗಡಿ

1969ರಲ್ಲಿ ಆಫ್ರಿಕಾದ ಘಾನಾ ದೇಶದಲ್ಲಿ ಕಣ್ಣಿನ ಬಿಳಿಭಾಗದಲ್ಲಿ ರಕ್ತ ಒಸರುವ ಹೊಸ ಬಗೆಯ ಕಣ್ಣುಬೇನೆ ಕಾಣಿಸಿಕೊಂಡಿತು. ಅಪೊಲೊ ನೌಕೆಯ ಚಂದ್ರಯಾನದ ಕಾಲದಲ್ಲಿಯೇ ಹಬ್ಬಿದ್ದರಿಂದ ಅಲ್ಲಿನವರು ಅದನ್ನು ಅಪೊಲೊ ರೋಗವೆಂದು ಕರೆದರು. ಎಂಟೆರೊವೈರಸ್ 70 ಎಂಬ ವೈರಾಣುವಿನಿಂದ ಬರುವ ಈ ರೋಗವು 1971ರಲ್ಲಿ ಭಾರತವನ್ನು ವ್ಯಾಪಿಸಿದಾಗ, ನಿರಾಶ್ರಿತರ ಮಹಾಪೂರವನ್ನು ಕಾಣುತ್ತಿದ್ದ ಬಂಗಾಳದಲ್ಲಿ ಅದಕ್ಕೆ ಜೈ ಬಾಂಗ್ಲಾ ಎಂಬ ಅಡ್ಡಹೆಸರು ಬಿದ್ದಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಲ್ಫಾ ಹನಿಗಳು, ಒಂದೊಂದು ಸಲಕ್ಕೆ ಒಂದೊಂದರಂತೆ ಚುಚ್ಚಿ ಹಿಂಡುವ ಕ್ಲೋರೋಮೈಸಿಟಿನ್ ಅಪ್ಲಿಕ್ಯಾಪ್ಸ್ ಎಂಬ ಪುಟ್ಟ ಗುಳಿಗೆಗಳು ಔಷಧದ ಅಂಗಡಿಗಳಿಂದ ಮನೆಗಳಿಗೆ ಬಂದವು. ಅವು ಬ್ಯಾಕ್ಟೀರಿಯಾದ ಬೇನೆಗೆ ಉಪಯುಕ್ತವಾದರೂ ವೈರಾಣುವಿನ ಬೇನೆಯ ಮೇಲೆ ಪರಿಣಾಮ ಬೀರಲಾರವು. ಅದೇ ಕಾಲದಲ್ಲಿ ಬೀಳಗಿಯ ಡಾ. ಎಂ. ಸಿ. ಮೋದಿಯವರು ಊರೂರಿಗೆ ಒಯ್ದ ನೇತ್ರಶಿಬಿರಗಳು, 1963ರಲ್ಲಿ ಕಲಬುರಗಿಯಲ್ಲಿ ಆರಂಭವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಇವು, ಕಣ್ಣಿನ ತೊಂದರೆಗೆ ವೈದ್ಯರನ್ನು ಕಾಣಬೇಕೆಂಬ ಅರಿವನ್ನು ಬೆಳೆಸಿದವು.

2023ರ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಕರ್ನಾಟಕದಾದ್ಯಂತ ಹಬ್ಬಿದ ಹಾವಳಿಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳೂ ಸೇರಿದ್ದವು. ಆಗ ಆರೋಗ್ಯ ಇಲಾಖೆಯು ಸಾರಿದ ಸೂಚನೆಗಳ ಸಾರವು ಹೀಗಿತ್ತು: ಕೈ ತೊಳೆಯಬೇಕು, ಕಣ್ಣು ಉಜ್ಜಬಾರದು, ಒರೆಸುವ ಬಟ್ಟೆ ಬೇರೆಯಿರಬೇಕು, ಬೇನೆ ಬಂದ ಮಕ್ಕಳನ್ನು ಶಾಲೆಗೆ ಕಳಿಸಬಾರದು. ಸುಶ್ರುತನ ಪಟ್ಟಿಯಲ್ಲಿದ್ದ ಬಟ್ಟೆ, ಹಾಸಿಗೆ ಮತ್ತು ಸ್ಪರ್ಶಗಳೇ ಇಲ್ಲಿಯೂ ಮುಖ್ಯವಾಗಿವೆ ಎಂಬುದು ಗಮನಾರ್ಹ. ಕರಿ ಚಷ್ಮಾ ಹಾಕಿಕೊಂಡರೆ ಬೇನೆ ಬೇರೆಯವರಿಗೆ ದಾಟದೆಂಬ ನಂಬಿಕೆ ಹಳೆಯ ನೋಟದ ನಂಬಿಕೆಯ ಮುಂದುವರಿಕೆಯೇ ಆಗಿದ್ದು, ಚಷ್ಮಾ ಬೆಳಕಿನ ಬಾಧೆಯನ್ನು ತಗ್ಗಿಸುತ್ತದೆಯೇ ಹೊರತು ಸೋಂಕನ್ನು ತಡೆಯುವುದಿಲ್ಲ.

ಪರಾಮರ್ಶೆ

ವೈರಾಣುವಿನ ಕಣ್ಣುಬೇನೆಯು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತಾನಾಗಿಯೇ ಗುಣವಾಗುತ್ತದೆ. ಆದುದರಿಂದ ಐದಾರನೆಯ ದಿನ ಕಣ್ಣಿಗೆ ಹಾಕಿದ ಯಾವ ವಸ್ತುವೇ ಆಗಲಿ, ಅದು ಎದೆಹಾಲಾಗಲಿ, ಸುರ್ಮಾ ಆಗಲಿ, ಅಂಗಡಿಯ ಹನಿಯಾಗಲಿ, ರೋಗ ಇಳಿದುದರ ಕೀರ್ತಿಯನ್ನು ಪಡೆದುಕೊಳ್ಳುತ್ತಿತ್ತು. ಮನೆಮದ್ದುಗಳ ಪಟ್ಟಿ ತಲೆಮಾರಿನಿಂದ ತಲೆಮಾರಿಗೆ ಉದ್ದವಾಗುತ್ತ ಬಂದುದಕ್ಕೂ, ಪರಸ್ಪರ ಸಂಬಂಧವಿಲ್ಲದ ಹತ್ತಾರು ವಸ್ತುಗಳು ಒಂದೇ ರೋಗಕ್ಕೆ ರಾಮಬಾಣವೆನಿಸಿದ್ದಕ್ಕೂ ಇದೇ ಕಾರಣ. ನಿಜವಾದ ಕೆಲಸವನ್ನು ಮಾಡಿದ್ದು ಯಾರೂ ಮದ್ದೆಂದು ಎಣಿಸದ ಸಂಗತಿಗಳು: ಕಾಯಿಸಿ ಆರಿಸಿದ ನೀರು, ಬೇರೆ ಇಟ್ಟ ಬಟ್ಟೆ, ವಿಶ್ರಾಂತಿ, ಅಂತರ. ಅಂಗಡಿಯ ಹನಿ ಬಂದ ಮೇಲೆ ಮದ್ದು ಬದಲಾಯಿತು, ಆದರೆ ಹನಿ ಹಾಕಿದ ಮೇಲೆ ಅಂತರ ಬೇಕಿಲ್ಲವೆಂಬ ಧೋರಣೆಯಿಂದ ಹಳೆಯ ಕಟ್ಟಳೆ ಸಡಿಲಾಯಿತು. ವೈದ್ಯರನ್ನು ಕೇಳದೆ ಕೊಳ್ಳುವ ಸ್ಟೀರಾಯ್ಡ್ ಹನಿಗಳು ಕೆಂಪನ್ನು ಬೇಗ ಇಳಿಸಿದರೂ ಕೆಲವು ಸೋಂಕುಗಳನ್ನು ಉಲ್ಬಣಗೊಳಿಸಿ ದೃಷ್ಟಿಗೇ ಸಂಚಕಾರ ತರಬಲ್ಲವೆಂಬ ಹೊಸ ಅಪಾಯವೂ ಸೇರಿಕೊಂಡಿತು.

ನೀರು ಮತ್ತು ಶುಚಿಯ ಪಾತ್ರವನ್ನು ಟ್ರಕೋಮಾ ಎಂಬ ದೀರ್ಘಕಾಲದ ಕಣ್ಣಿನ ಸೋಂಕಿನ ಕಥೆಯೂ ಸಮರ್ಥಿಸುತ್ತದೆ. ರೆಪ್ಪೆಯನ್ನು ಒಳಕ್ಕೆ ಮಡಚಿ ಕುರುಡುತನ ತರುವ ಈ ರೋಗದ ವಿರುದ್ಧ ಭಾರತವು 1963ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿ, ಔಷಧ ಮತ್ತು ಶಸ್ತ್ರಚಿಕಿತ್ಸೆಯ ಜೊತೆಗೆ ಮುಖ ತೊಳೆಯುವ ಅಭ್ಯಾಸಕ್ಕೂ ನೈರ್ಮಲ್ಯಕ್ಕೂ ಒತ್ತು ಕೊಟ್ಟುದರ ಫಲವಾಗಿ, ಅದು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಘೋಷಿಸಿತು. ಬೇಸಗೆಯಲ್ಲಿ ಕೊಡ ನೀರಿಗೆ ಸರದಿ ನಿಲ್ಲುವ ಗಣಿಕಾರ್ಮಿಕರ ಓಣಿಗಳಲ್ಲಿ ಕೈ ತೊಳೆಯಿರಿ ಎಂಬ ಉಪದೇಶಕ್ಕಿಂತ ನಲ್ಲಿಯ ನೀರೇ ಮೊದಲ ಮದ್ದೆಂಬುದನ್ನು ಈ ಚರಿತ್ರೆಯಿಂದ ಅರಿಯಬೇಕು. ಕಣ್ಣಿನ ಹೊರಗೆ ಮಾಡುವ ಆರೈಕೆಯಾದ ತಣ್ಣೀರ ಪಟ್ಟಿ, ಶುಚಿಯಾದ ಬಟ್ಟೆ, ಕತ್ತಲ ಕೋಣೆ ಮತ್ತು ಅಂತರ ಇವು ಕಾಗಿಣಾ ತೀರದ ಮನೆಗಳು ಉಳಿಸಿಕೊಳ್ಳಬೇಕಾದ ಆಸ್ತಿ. ಕಣ್ಣಿನ ಒಳಗೆ ಹಾಕುವ ರಸ, ಹಾಲು, ಪುಡಿಗಳು ಬಿಡಬೇಕಾದ ರೂಢಿ. ನೋವು ಹೆಚ್ಚಾದರೆ, ನೋಟ ಮಂಜಾದರೆ, ಬೆಳಕನ್ನು ತಾಳಲಾಗದಿದ್ದರೆ, ಬೇನೆ ಬಂದದ್ದು ಹಸುಗೂಸಿಗಾದರೆ ಅಥವಾ ಕಣ್ಣಿಗೆ ಸುಣ್ಣ ಬಿದ್ದಿದ್ದರೆ, ಮನೆಯಲ್ಲಿ ಒಂದು ದಿನವನ್ನೂ ಕಳೆಯದೆ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು.